ಅರಿಶಿನ-ಕುಂಕುಮದ ಲೆಕ್ಕ: ತವರಿನ ಪಾಲು ಬಿಟ್ಟುಕೊಡುವ ಮುನ್ನ

ತಂದೆಯ ಉತ್ತರಕ್ರಿಯೆ ಮುಗಿದು, ಬಂದ ನೆಂಟರು ಇನ್ನೂ ಊರಿಗೆ ಮರಳುವ ಮೊದಲೇ ಹೆಣ್ಣುಮಕ್ಕಳ ಮುಂದೆ ಒಂದು ಕಾಗದ ಬರುವುದು ನಮ್ಮ ರಾಜ್ಯದ ಬಹುತೇಕ ಮನೆಗಳಿಗೆ ಹೊಸದಲ್ಲ. ಅದರ ಹೆಸರು ಹಕ್ಕುಬಿಡುಗಡೆ ಪತ್ರ. 'ನಿನಗೇನು ಕಡಿಮೆಯಾಗಿದೆ, ಗಂಡನ ಮನೆಯಲ್ಲಿ ಎಲ್ಲವೂ ಇದೆ. ಖಾತೆ ಬದಲಾಗಬೇಕು, ಇಲ್ಲೊಂದು ಸಹಿ ಹಾಕು' ಎಂಬ ಮಾತು ಹಿರಿಯರೊಬ್ಬರ ಬಾಯಿಂದ ಬರುತ್ತದೆ. ಅರಿಶಿನ-ಕುಂಕುಮಕ್ಕೆಂದು ಒಂದಿಷ್ಟು ಹಣ, ಒಂದು ಸೀರೆ, ಗೌರಿ ಹಬ್ಬಕ್ಕೆ ಬಾಗಿನ ತಪ್ಪದೆಂಬ ಭರವಸೆ. ಸಹಿ ಬೀಳುತ್ತದೆ.

ಬದುಕಿನಲ್ಲಿ ಮತ್ತು ಸಂಬಂಧಗಳಲ್ಲಿ ಕಡಿಮೆಗೆ ಒಪ್ಪಬಾರದು ಎಂಬ ಉಪದೇಶ ಇಂದು ಪತ್ರಿಕೆಗಳ ಪುರವಣಿಗಳಲ್ಲಿಯೂ ವ್ಯಕ್ತಿತ್ವ ವಿಕಸನದ ಶಿಬಿರಗಳಲ್ಲಿಯೂ ಧಾರಾಳವಾಗಿ ಸಿಗುತ್ತದೆ. ಆದರೆ ಆ 'ಕಡಿಮೆ' ಎಂಬುದು ಎಕರೆ-ಗುಂಟೆಗಳ ಲೆಕ್ಕದಲ್ಲಿ, ಉಪನೋಂದಣಾಧಿಕಾರಿಯ ಮೊಹರಿನೊಂದಿಗೆ ದಾಖಲಾಗುವ ಸಂದರ್ಭ ಇದೊಂದೇ ಇರಬೇಕು. ಆದ್ದರಿಂದ ಆ ಸಹಿಯ ಹಿಂದೆ ಏನಿದೆ, ಕಾನೂನು ಏನು ಕೊಟ್ಟಿದೆ, ಕೊಟ್ಟದ್ದು ಏಕೆ ಕೈಗೆ ಬರುತ್ತಿಲ್ಲ ಎಂಬುದನ್ನು ಬಿಡಿಸಿ ನೋಡುವುದು ಅಗತ್ಯ.

ಕಲ್ಯಾಣದಿಂದ ದೆಹಲಿಯವರೆಗೆ

ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯನ್ನು ದೇಶದ ಬಹುಭಾಗದಲ್ಲಿ ನಿಯಂತ್ರಿಸಿದ 'ಮಿತಾಕ್ಷರ' ಹುಟ್ಟಿದ್ದು ಕನ್ನಡ ನೆಲದಲ್ಲಿಯೇ. ಕಲ್ಯಾಣದ ಚಾಲುಕ್ಯ ದೊರೆ 6ನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವದು. ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬ ತತ್ತ್ವ ಇದರ ಮೂಲಕವೇ ಬೇರೂರಿತು. ಎಂಟು ಶತಮಾನಗಳ ಅನಂತರ ಅದರಲ್ಲಿ ಒಂದಿಷ್ಟು ಬಿರುಕು ಮೂಡಿಸಿದ್ದೂ ಕನ್ನಡ ನೆಲವೇ. ಮೈಸೂರು ಸಂಸ್ಥಾನವು 1933ರಲ್ಲಿ ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆಯನ್ನು ತಂದು, ವಿಭಾಗದ ಸಂದರ್ಭದಲ್ಲಿ ತಾಯಿಗೂ ಅವಿವಾಹಿತ ಹೆಣ್ಣುಮಕ್ಕಳಿಗೂ ಪಾಲು ಕೊಡಿಸಿತು. ಅತ್ತ ಕರಾವಳಿಯ ಅಳಿಯಸಂತಾನ ಪದ್ಧತಿಯ ಮನೆತನಗಳಲ್ಲಿ ವಂಶವೇ ಹೆಣ್ಣಿನ ಮೂಲಕ ಸಾಗುತ್ತಿತ್ತು. 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎಂಬ ಗಾದೆಯನ್ನು ಇಡೀ ನಾಡಿನ ಸನಾತನ ಸತ್ಯವೆಂದು ಹೇಳುವವರು ಈ ಎರಡು ಸಂಗತಿಗಳನ್ನು ಗಮನಿಸಬೇಕು.

1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಮಗಳನ್ನು ವಾರಸುದಾರಳೆಂದು ಒಪ್ಪಿತು; ಆದರೆ ಅವಿಭಕ್ತ ಕುಟುಂಬದ ಸಹಭಾಗಿಯೆಂದು ಒಪ್ಪಲಿಲ್ಲ. ವ್ಯತ್ಯಾಸವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಆರು ಎಕರೆ ಪಿತ್ರಾರ್ಜಿತ ಜಮೀನು. ಪತ್ನಿಯನ್ನು ಕಳೆದುಕೊಂಡ ತಂದೆ, ಒಬ್ಬ ಮಗ, ಒಬ್ಬಳು ಮಗಳು. ತಂದೆ ಉಯಿಲು ಬರೆಯದೆ ತೀರಿಕೊಂಡರೆ 1956ರ ಮೂಲ ಕಾಯಿದೆಯ ಪ್ರಕಾರ ಮೊದಲು ತಂದೆಗೆ ಮೂರು, ಮಗನಿಗೆ ಮೂರು ಎಕರೆ ಎಂದು ಭಾವಿಸಬೇಕು. ತಂದೆಯ ಮೂರರಲ್ಲಿ ಮಾತ್ರ ಮಗಳಿಗೆ ಅರ್ಧ. ಅಂದರೆ ಅವಳಿಗೆ ಒಂದೂವರೆ ಎಕರೆ, ಅಣ್ಣನಿಗೆ ನಾಲ್ಕೂವರೆ. ಮಗಳೂ ಸಹಭಾಗಿಯಾದರೆ? ಮೂವರಿಗೂ ಎರಡೆರಡು ಎಕರೆ, ತಂದೆಯ ಎರಡು ಎಕರೆ ಇಬ್ಬರು ಮಕ್ಕಳಿಗೆ ಸಮವಾಗಿ. ಇಬ್ಬರಿಗೂ ಮೂರು ಮೂರು.

ವಾಸದ ಮನೆಯ ವಿಷಯದಲ್ಲಂತೂ ಆ ಕಾಯಿದೆ ಇನ್ನೂ ಬಿಗಿಯಾಗಿತ್ತು. ಗಂಡುಮಕ್ಕಳು ಮನಸ್ಸು ಮಾಡುವವರೆಗೆ ಮಗಳು ಮನೆಯ ವಿಭಾಗ ಕೇಳುವಂತಿರಲಿಲ್ಲ. ಅಲ್ಲಿ ವಾಸಿಸುವ ಹಕ್ಕಾದರೂ ಯಾರಿಗಿತ್ತು? ಅವಿವಾಹಿತೆಗೆ, ವಿಧವೆಗೆ, ಗಂಡನು ತೊರೆದವಳಿಗೆ, ಗಂಡನಿಂದ ಬೇರೆಯಾದವಳಿಗೆ ಮಾತ್ರ. ತಾನು ಹುಟ್ಟಿ ಬೆಳೆದ ಮನೆಯಲ್ಲಿ ಉಳಿಯಬೇಕಾದರೆ ಹೆಣ್ಣು ಮೊದಲು ನಿರ್ಗತಿಕಳೆಂದು ತೋರಿಸಿಕೊಳ್ಳಬೇಕಿತ್ತು ಎಂದಾಯಿತು. ಈ ಕಲಮನ್ನು 2005ರಲ್ಲಿ ತೆಗೆದುಹಾಕಲಾಯಿತು.

ಆಂಧ್ರಪ್ರದೇಶ ಮತ್ತು ತಮಿಳುನಾಡುಗಳ ಅನಂತರ ಕರ್ನಾಟಕವೂ ಈ ಅಸಮಾನತೆಯನ್ನು ತಿದ್ದಲು ಮುಂದಾಯಿತು. 1994ರ ಜುಲೈ 30ರಿಂದ ಜಾರಿಗೆ ಬಂದ ರಾಜ್ಯದ ತಿದ್ದುಪಡಿಯು ಮಗಳನ್ನು ಮಗನಷ್ಟೇ ಸಹಭಾಗಿಯನ್ನಾಗಿ ಮಾಡಿತು. ಆದರೆ ಆ ದಿನಕ್ಕಿಂತ ಮೊದಲು ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತು. ಒಂದೇ ಮನೆಯ ಇಬ್ಬರು ಅಕ್ಕತಂಗಿಯರಲ್ಲಿ ಜೂನ್ ತಿಂಗಳಲ್ಲಿ ಮದುವೆಯಾದವಳಿಗೆ ಹಕ್ಕಿಲ್ಲ, ಆಗಸ್ಟಿನಲ್ಲಿ ಮದುವೆಯಾದವಳಿಗೆ ಹಕ್ಕಿದೆ ಎಂಬ ವಿಚಿತ್ರ ಪರಿಸ್ಥಿತಿ. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದಾಗ ಈ ಭೇದ ಅಳಿಯಿತು. ವಿವಾಹಿತೆಯಾಗಲಿ ಅವಿವಾಹಿತೆಯಾಗಲಿ, ಮಗಳು ಹುಟ್ಟಿನಿಂದಲೇ ಸಹಭಾಗಿ.

ಅಷ್ಟಕ್ಕೇ ಮುಗಿಯಿತೇ ಎಂದರೆ ಇಲ್ಲ. 2005ಕ್ಕಿಂತ ಮೊದಲೇ ತಂದೆ ತೀರಿಕೊಂಡಿದ್ದರೆ ಏನು ಎಂಬ ಪ್ರಶ್ನೆ ಹದಿನೈದು ವರ್ಷ ನ್ಯಾಯಾಲಯಗಳಲ್ಲಿ ಸುತ್ತಾಡಿತು. ಈ ಅಲೆದಾಟದ ಬಹುಪಾಲು ಕರ್ನಾಟಕದ ಹೆಣ್ಣುಮಕ್ಕಳದೇ ಎಂಬುದು ವಿಶೇಷ. ಫೂಲವತಿ ಪ್ರಕರಣವೆಂದು ವಕೀಲರ ವಲಯದಲ್ಲಿ ಪ್ರಸಿದ್ಧವಾದ ದಾವೆ ಬೆಳಗಾವಿಯ ನ್ಯಾಯಾಲಯದಲ್ಲಿ ಹೂಡಲ್ಪಟ್ಟದ್ದು 1992ರಲ್ಲಿ. ತಂದೆ ತೀರಿಕೊಂಡದ್ದು 1988ರಲ್ಲಿ. ವಿಚಾರಣಾ ನ್ಯಾಯಾಲಯವು ಕೆಲವು ಆಸ್ತಿಗಳಲ್ಲಿ ಮಗಳಿಗೆ ಗೊತ್ತುಮಾಡಿದ ಪಾಲು 28ರಲ್ಲಿ ಒಂದು. ಉಚ್ಚ ನ್ಯಾಯಾಲಯ ಹೊಸ ಕಾನೂನನ್ನು ಅನ್ವಯಿಸಿ ಹೆಚ್ಚಿನ ಪಾಲು ಕೊಟ್ಟಿತು. ಆದರೆ 2015ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ, ತಿದ್ದುಪಡಿ ಬಂದ ದಿನ ತಂದೆ-ಮಗಳಿಬ್ಬರೂ ಜೀವಂತವಿರಬೇಕು ಎಂದು ಹೇಳಿ ಆ ತೀರ್ಪನ್ನು ರದ್ದುಗೊಳಿಸಿತು. ದಾವೆ ಹೂಡಿ ಅಷ್ಟರಲ್ಲಿ 23 ವರ್ಷಗಳು ಕಳೆದಿದ್ದವು.

ಮುಂದೆ 2018ರ ಫೆಬ್ರವರಿಯಲ್ಲಿ ದಾನಮ್ಮ ಪ್ರಕರಣ. ಇದೂ ನಮ್ಮ ರಾಜ್ಯದ್ದೇ. 1956ಕ್ಕಿಂತ ಮೊದಲು ಹುಟ್ಟಿದವರೆಂಬ ಕಾರಣಕ್ಕೆ ಕೆಳ ನ್ಯಾಯಾಲಯ ಪಾಲು ನಿರಾಕರಿಸಿದ್ದ ಹೆಣ್ಣುಮಕ್ಕಳಿಗೆ, ತಂದೆ 2001ರಲ್ಲಿ ತೀರಿಕೊಂಡಿದ್ದರೂ, ಸರ್ವೋಚ್ಚ ನ್ಯಾಯಾಲಯ ಸಮಾನ ಪಾಲು ಕೊಟ್ಟಿತು. ಎರಡು ತೀರ್ಪುಗಳ ನಡುವಿನ ಈ ಗೊಂದಲಕ್ಕೆ ತೆರೆ ಬಿದ್ದದ್ದು 2020ರ ಆಗಸ್ಟ್ 11ರಂದು, ವಿನೀತಾ ಶರ್ಮಾ ಪ್ರಕರಣದಲ್ಲಿ. ಮೂವರು ನ್ಯಾಯಮೂರ್ತಿಗಳ ಪೀಠವು ಹಕ್ಕು ಹುಟ್ಟಿನಿಂದ ಬಂದದ್ದು, ಆದ್ದರಿಂದ ತಂದೆ ಅಂದು ಬದುಕಿದ್ದರೇ ಇಲ್ಲವೇ ಎಂಬುದು ಅಪ್ರಸ್ತುತ ಎಂದು ನಿರ್ಣಯಿಸಿತು. 'ನಮ್ಮಲ್ಲಿ ಹಿಂದೆಯೇ ಬಾಯಿಮಾತಿನಲ್ಲಿ ಪಾಲಾಗಿದೆ' ಎಂಬ ಸುಲಭದ ವಾದಕ್ಕೂ ಈ ತೀರ್ಪು ಕಡಿವಾಣ ಹಾಕಿತು. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಾಯಿತ ಪತ್ರದ ಮೂಲಕವೋ ನ್ಯಾಯಾಲಯದ ಡಿಕ್ರಿಯ ಮೂಲಕವೋ ಆದ ವಿಭಾಗವನ್ನು ಮಾತ್ರ ಕಾಯಿದೆ ರಕ್ಷಿಸುತ್ತದೆ. ಬಾಯಿಮಾತಿನ ವಿಭಾಗವನ್ನು ಒಪ್ಪಬೇಕಾದರೆ ಸಾರ್ವಜನಿಕ ದಾಖಲೆಗಳ ಬಲವಾದ ಆಧಾರವಿರಬೇಕು.

ಹೋಲಿಕೆಗಾಗಿ ನೆರೆಯ ಕೇರಳದ ಒಂದು ಸಂಗತಿ. ತಿರುವಾಂಕೂರು ಕ್ರೈಸ್ತ ಉತ್ತರಾಧಿಕಾರ ಕಾಯಿದೆ 1916ರದು. ಅದರಂತೆ ಮಗಳಿಗೆ ಸಿಗುತ್ತಿದ್ದದ್ದು ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು! 'ಕಡಿಮೆಗೆ ಒಪ್ಪಿಕೋ' ಎಂಬುದನ್ನು ಇಷ್ಟು ನೇರವಾಗಿ ಬರೆದ ಶಾಸನ ಇನ್ನೊಂದಿರಲಾರದು. ಕೊಟ್ಟಾಯಂನ ಶಿಕ್ಷಣತಜ್ಞೆ ಮೇರಿ ರಾಯ್ ಅದನ್ನು ಪ್ರಶ್ನಿಸಿದರು. 1986ರಲ್ಲಿ ಸರ್ವೋಚ್ಚ ನ್ಯಾಯಾಲಯ, ಅಲ್ಲಿಯ ಕ್ರೈಸ್ತರಿಗೂ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯೇ ಅನ್ವಯ, ಮಗಳಿಗೂ ಮಗನಿಗೂ ಸಮಪಾಲು ಎಂದು ತೀರ್ಪಿತ್ತಿತು.

ಕಾನೂನು ಬಂದರೂ ಕೈ ಏಕೆ ಬರಿದು?

ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಸಂಶೋಧಕರು 2010-11ರಲ್ಲಿ ಕರ್ನಾಟಕದ ಮನೆಗಳ ಆಸ್ತಿಪಾಸ್ತಿಯ ಸಮೀಕ್ಷೆ ನಡೆಸಿದ್ದರು. ಇದೇ ಮಾದರಿಯ ಅಧ್ಯಯನ ದಕ್ಷಿಣ ಅಮೆರಿಕದ ಎಕ್ವಡಾರ್ ಮತ್ತು ಆಫ್ರಿಕದ ಘಾನಾಗಳಲ್ಲಿಯೂ ನಡೆಯಿತು. ಒಟ್ಟು ಭೌತಿಕ ಸಂಪತ್ತಿನಲ್ಲಿ ಮಹಿಳೆಯರ ಪಾಲು ಎಕ್ವಡಾರ್‌ನಲ್ಲಿ ಶೇ. 52, ಘಾನಾದಲ್ಲಿ ಶೇ. 30, ಕರ್ನಾಟಕದಲ್ಲಿ ಶೇ. 19. ದೇಶದ 2015-16ರ ಕೃಷಿ ಗಣತಿಯಲ್ಲಿಯೂ ಹಿಡುವಳಿದಾರರ ಪೈಕಿ ಮಹಿಳೆಯರು ಸುಮಾರು ಶೇ. 14 ಮಾತ್ರ.

ಹಾಗಾದರೆ ಹೆಣ್ಣುಮಕ್ಕಳು ಅಜ್ಞಾನದಿಂದ ಸಹಿ ಹಾಕುತ್ತಾರೆಯೇ? ಹಾಗೆಂದು ಹೇಳುವುದು ಅವರ ವಿವೇಕಕ್ಕೆ ಅಪಚಾರ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ 1994ರ ತಮ್ಮ ಗ್ರಂಥದಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಚರ್ಚಿಸಿದ್ದಾರೆ. ಹೆಣ್ಣಿಗೆ ಗಂಡನ ಮನೆಯಲ್ಲಿ ಕಷ್ಟವಾದರೆ ಹೋಗಲು ಇರುವ ಸ್ಥಳ ತವರೊಂದೇ. ಅಣ್ಣತಮ್ಮಂದಿರ ಮುನಿಸು ಕಟ್ಟಿಕೊಂಡರೆ ಆ ಬಾಗಿಲೂ ಮುಚ್ಚುತ್ತದೆ. ಹೀಗಾಗಿ ಪಾಲು ಬಿಟ್ಟುಕೊಡುವುದು ಒಂದು ಬಗೆಯ ವಿಮೆಯ ಕಂತು. ಲೆಕ್ಕವಿಲ್ಲದೆ ಸಹಿ ಬೀಳುವುದಿಲ್ಲ. ಲೆಕ್ಕ ಹಾಕಿಯೇ ಬೀಳುತ್ತದೆ.

ಆದರೆ ಈ ವಿಮೆ ಬೇಕಾದ ಹೊತ್ತಿಗೆ ಒದಗುತ್ತದೆಯೇ ಎಂಬುದು ಕೇಳಬೇಕಾದ ಪ್ರಶ್ನೆ. ಗಂಡನ ಮನೆಯಲ್ಲಿ ಹೊಡೆತ ತಿಂದು ಬಂದ ಮಗಳಿಗೆ ತವರಿನಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಯಾವುದು? 'ಹೊಂದಿಕೊಂಡು ಹೋಗಮ್ಮ' ಎಂಬುದು. ನಾಲ್ಕು ದಿನ ಇರಿಸಿಕೊಂಡು, ಉಡಿ ತುಂಬಿ, ಮತ್ತೆ ಅದೇ ಬಸ್ಸು ಹತ್ತಿಸುವವರು ಕ್ರೂರಿಗಳೇನಲ್ಲ. ಅವಳು ಅಲ್ಲಿ ಅತಿಥಿ, ಅಷ್ಟೇ. ಸಹಿಯೊಂದಿಗೆ ಅವಳು ಬಿಟ್ಟುಕೊಟ್ಟದ್ದು ಜಮೀನನ್ನು ಮಾತ್ರವಲ್ಲ, 'ನಾನಿಲ್ಲಿ ಉಳಿಯುತ್ತೇನೆ' ಎಂದು ಹೇಳುವ ಅಧಿಕಾರವನ್ನು. ತವರಿನಲ್ಲಿ ಕಡಿಮೆಗೆ ಒಪ್ಪಿದವಳು ಮದುವೆಯಲ್ಲಿಯೂ ಕಡಿಮೆಗೆ ಒಪ್ಪಬೇಕಾಗಿ ಬರುವುದು ಇಲ್ಲಿಯೇ.

ಇದಕ್ಕೆ ಅಂಕಿ-ಅಂಶಗಳ ಆಧಾರವೂ ಇದೆ. ಬೀನಾ ಅಗರ್ವಾಲ್ ಮತ್ತು ಪ್ರದೀಪ್ ಪಾಂಡಾ ತಿರುವನಂತಪುರ ಜಿಲ್ಲೆಯಲ್ಲಿ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ವಂತಕ್ಕೆ ಭೂಮಿಯಾಗಲಿ ಮನೆಯಾಗಲಿ ಇಲ್ಲದ ವಿವಾಹಿತೆಯರಲ್ಲಿ ಶೇ. 49 ಮಂದಿ ಗಂಡನಿಂದ ದೈಹಿಕ ಹಿಂಸೆ ಅನುಭವಿಸಿದ್ದರು. ಎರಡೂ ಇದ್ದವರಲ್ಲಿ ಆ ಪ್ರಮಾಣ ಶೇ. 7. ಒಂದು ಜಿಲ್ಲೆಯ ಲೆಕ್ಕ ಇಡೀ ದೇಶದ ಲೆಕ್ಕವಾಗದು, ನಿಜ. ಆದರೂ ಈ ಅಂತರ ನಿರ್ಲಕ್ಷಿಸುವಂಥದಲ್ಲ. ಕರ್ನಾಟಕ ಮತ್ತು ಮಹಾರಾಷ್ಟ್ರಗಳ 1994ರ ತಿದ್ದುಪಡಿಗಳ ಪರಿಣಾಮವನ್ನು ಪರಿಶೀಲಿಸಿದ ವಿಶ್ವಬ್ಯಾಂಕಿನ ಸಂಶೋಧಕರು, ಹೆಣ್ಣುಮಕ್ಕಳಿಗೆ ಭೂಮಿ ಬರುವ ಸಾಧ್ಯತೆ ಹೆಚ್ಚಿದ್ದನ್ನೂ, ಅವರ ಮದುವೆಯ ವಯಸ್ಸು ಮತ್ತು ಶಿಕ್ಷಣ ಏರಿದ್ದನ್ನೂ ಗುರುತಿಸಿದ್ದಾರೆ. ಗಂಡು-ಹೆಣ್ಣಿನ ನಡುವಿನ ಅಂತರ ಅಳಿದಿಲ್ಲವೆಂಬುದನ್ನೂ ಅವರೇ ಹೇಳಿದ್ದಾರೆ.

ಅಣ್ಣತಮ್ಮಂದಿರ ವಾದ

ಮತ್ತೊಂದು ಪಕ್ಷದ ಮಾತನ್ನೂ ಕೇಳಬೇಕಷ್ಟೆ. 'ಮದುವೆಗೆ ಸಾಲ ಮಾಡಿ ಖರ್ಚು ಮಾಡಿದ್ದೇವೆ, ಅದೇ ಅವಳ ಪಾಲು' ಎಂಬುದು ಮೊದಲನೆಯ ವಾದ. ಕಾನೂನಿನಲ್ಲಿ ಇದು ನಿಲ್ಲದು. ವರನ ಕಡೆಗೆ ಹೋದ ವರದಕ್ಷಿಣೆ 1961ರ ಕಾಯಿದೆಯಂತೆ ಅಪರಾಧ. ಅಪರಾಧವನ್ನು ಪಾಲಿನ ಖಾತೆಗೆ ಜಮೆ ಮಾಡಲು ಬರುವುದಿಲ್ಲ. ಛತ್ರದ ಬಾಡಿಗೆ, ಊಟದ ಖರ್ಚು ಮಗಳ ಕೈಗೆ ಬಂದ ಆಸ್ತಿಯೂ ಅಲ್ಲ. ಅಣ್ಣನ ಮದುವೆಯ, ಎಂಜಿನಿಯರಿಂಗ್ ಓದಿನ ಖರ್ಚನ್ನು ಯಾರೂ ಅವನ ಪಾಲಿನಲ್ಲಿ ಕಳೆಯುವುದಿಲ್ಲ ಎಂಬುದನ್ನೂ ನೆನೆಯಬಹುದು.

ಎರಡನೆಯ ವಾದಕ್ಕೆ ತೂಕವಿದೆ. ಮುಪ್ಪಿನಲ್ಲಿ ತಂದೆತಾಯಿಯರನ್ನು ನೋಡಿಕೊಂಡವರು ಯಾರು, ಆಸ್ಪತ್ರೆಗೆ ಅಲೆದವರು ಯಾರು ಎಂಬ ಪ್ರಶ್ನೆ. ಪಾಲು ಬೇಕೆಂಬ ಮಗಳು ಈ ಪ್ರಶ್ನೆಗೆ ಮುಖ ತಿರುಗಿಸುವಂತಿಲ್ಲ. ಕಾನೂನೂ ತಿರುಗಿಸಿಲ್ಲ: ಸಹಭಾಗಿಯಾದ ಮಗಳಿಗೆ ಕುಟುಂಬದ ಆಸ್ತಿಯ ಹೊಣೆಗಳೂ ಮಗನಷ್ಟೇ ಅನ್ವಯಿಸುತ್ತವೆ, ತಂದೆತಾಯಿಯ ಪೋಷಣೆಯ ಹೊಣೆ ವಿವಾಹಿತೆಯಾದ ಮಗಳಿಗೂ ಇದೆ. ಪಾಲು ಸಮ ಎಂದ ಮೇಲೆ ಹೊರೆಯೂ ಸಮ. ಆದರೆ ಎಷ್ಟೋ ಮನೆಗಳಲ್ಲಿ ಹಾಸಿಗೆ ಹಿಡಿದ ತಾಯಿಯ ಪಕ್ಕದಲ್ಲಿ ತಿಂಗಳುಗಟ್ಟಲೆ ಕುಳಿತವಳು ಮಗಳೇ ಆಗಿರುತ್ತಾಳೆ. ಆ ಲೆಕ್ಕ ಯಾರ ಪುಸ್ತಕದಲ್ಲಿಯೂ ಇರುವುದಿಲ್ಲ.

ಮೂರನೆಯದು, ಇರುವ ಎರಡು ಎಕರೆಯನ್ನು ತುಂಡು ಮಾಡಿದರೆ ಬೇಸಾಯ ಮಾಡುವುದು ಹೇಗೆ ಎಂಬ ಆತಂಕ. ಮೂವರು ಗಂಡುಮಕ್ಕಳಿರುವ ಮನೆಯಲ್ಲಿ ಈ ಆತಂಕ ಕೇಳಿಬರುವುದಿಲ್ಲ ಎಂಬ ಚುಚ್ಚುಮಾತನ್ನು ಬದಿಗಿಟ್ಟು ನೋಡಿದರೆ ಇದಕ್ಕೆ ದಾರಿಗಳಿವೆ. ವಾರಸುದಾರನೊಬ್ಬ ತನಗೆ ಬಂದ ಪಾಲನ್ನು ಮಾರಲು ಹೊರಟರೆ ಅದನ್ನು ಮೊದಲು ಕೊಳ್ಳುವ ಹಕ್ಕು ಸಹವಾರಸುದಾರರದು ಎಂದು ಕಾಯಿದೆಯ 22ನೆಯ ಕಲಮು ಹೇಳುತ್ತದೆ. ಕೃಷಿಭೂಮಿಗೂ ಇದು ಅನ್ವಯವೆಂದು ಸರ್ವೋಚ್ಚ ನ್ಯಾಯಾಲಯ 2019ರಲ್ಲಿ ಸ್ಪಷ್ಟಪಡಿಸಿದೆ. ಭೂಮಿ ಅಣ್ಣನ ಬಳಿಯೇ ಉಳಿಯಲಿ, ತಂಗಿಗೆ ಅದರ ಬೆಲೆ ಕಂತುಗಳಲ್ಲಿ ಬರಲಿ ಎಂದು ನೋಂದಾಯಿತ ವಿಭಾಗಪತ್ರದಲ್ಲಿ ಬರೆಸಬಹುದು. ಮನೆಯಲ್ಲಿ ಒಂದು ಕೋಣೆ, ಊರಿನಲ್ಲಿ ಒಂದು ನಿವೇಶನ, ತೋಟದ ಫಸಲಿನಲ್ಲಿ ಒಂದು ಭಾಗ ಎಂಬ ಒಪ್ಪಂದಗಳೂ ಸಾಧ್ಯ. ಮಗಳು ತನ್ನ ಪಾಲನ್ನು ಪೂರ್ಣವಾಗಿ ತಮ್ಮನಿಗೆ ಬಿಟ್ಟುಕೊಡುವುದೂ ಅವಳ ಸ್ವಾತಂತ್ರ್ಯವೇ. ಕೊಡುವುದಕ್ಕೆ ಮೊದಲು ಏನು ಕೊಡುತ್ತಿದ್ದೇನೆ ಎಂಬುದು ತಿಳಿದಿರಬೇಕು, ಅಷ್ಟೆ.

ಸಹಿಗೆ ಮೊದಲು ಕಾಗದ ಓದಿ

ನಗರಗಳ ಅಂಚಿನ ಜಮೀನಿಗೆ ಬೆಲೆ ಬಂದ ಮೇಲೆ ಪರಿಸ್ಥಿತಿ ಒಂದಿಷ್ಟು ಬದಲಾಗಿದೆ. ಬಡಾವಣೆ ಮಾಡುವವರ ಮತ್ತು ಬ್ಯಾಂಕುಗಳ ವಕೀಲರು ಹೆಣ್ಣುಮಕ್ಕಳ ಸಹಿಯಿಲ್ಲದ ಆಸ್ತಿಯನ್ನು ಈಗ ಮುಟ್ಟಲು ಹಿಂಜರಿಯುತ್ತಾರೆ. ಹತ್ತು ವರ್ಷ ಫೋನ್ ಮಾಡದ ಅಣ್ಣ ಹಣ್ಣುಕಾಯಿಯೊಂದಿಗೆ ಬಾಗಿಲಿಗೆ ಬಂದರೆ ಅದರ ಕಾರಣ ಹೀಗೂ ಇರಬಹುದು. ಅಮೆರಿಕದಲ್ಲಿಯೋ ಕೊಲ್ಲಿ ದೇಶಗಳಲ್ಲಿಯೋ ನೆಲೆಸಿದ ಕನ್ನಡತಿಯರಿಗೆ ಸಾಮಾನ್ಯವಾಗಿ ಹೋಗುವುದು ಅಧಿಕಾರ ಪತ್ರದ ಕರಡು. ಅದರಲ್ಲಿ ಮಾರುವ, ಹಕ್ಕು ಬಿಡುವ ಅಧಿಕಾರವೂ ಸೇರಿದೆಯೇ ಎಂದು ನೋಡದೆ ರುಜು ಮಾಡಬಾರದು.

ಪತ್ರದ ಕೊನೆಯಲ್ಲಿರುವ ಷೆಡ್ಯೂಲನ್ನು ಮೊದಲು ಓದಬೇಕು. ಯಾವ ಸರ್ವೆ ನಂಬರು, ಎಷ್ಟು ವಿಸ್ತೀರ್ಣ ಎಂಬುದು ಇರುವುದು ಅಲ್ಲಿಯೇ. 'ಹಳೆಯ ಮನೆಗೆ ಮಾತ್ರ' ಎಂದು ಹೇಳಿ ತಂದ ಕಾಗದದಲ್ಲಿ ಎಲ್ಲ ಜಮೀನೂ ಸೇರಿರಬಹುದು. 'ಪ್ರತಿಫಲ ಪೂರ್ಣವಾಗಿ ಸಂದಾಯವಾಗಿದೆ' ಎಂಬ ಸಾಲಿದ್ದರೆ ಅದು ನಿಜವಾಗಿ ಸಂದಾಯವಾಗಿದೆಯೇ? ಪಹಣಿಯನ್ನು 'ಭೂಮಿ' ಜಾಲತಾಣದಲ್ಲಿ, ಋಣಭಾರ ಪ್ರಮಾಣಪತ್ರವನ್ನು 'ಕಾವೇರಿ' ಜಾಲತಾಣದಲ್ಲಿ ಯಾರೂ ಪಡೆಯಬಹುದು. ಅಣ್ಣನ ಅನುಮತಿ ಬೇಕಿಲ್ಲ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟು ಪೌತಿ ಖಾತೆ ಮಾಡಿಸಿಕೊಳ್ಳುವ ಪರಿಪಾಠವೂ ಇದೆ. ಹಾಗಾಗಿದ್ದರೂ ಎದೆಗುಂದಬೇಕಾಗಿಲ್ಲ, ಖಾತೆ ಕಂದಾಯ ವಸೂಲಿಯ ದಾಖಲೆಯೇ ಹೊರತು ಒಡೆತನವನ್ನು ಸೃಷ್ಟಿಸುವುದಿಲ್ಲ ಎಂಬುದು ಸ್ಥಾಪಿತ ನಿಯಮ.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ತಂದೆಯದೆಲ್ಲ ಪಿತ್ರಾರ್ಜಿತವಲ್ಲ. ತಂದೆ ಸ್ವಂತ ದುಡಿಮೆಯಿಂದ ಗಳಿಸಿದ್ದನ್ನು ಅವರು ಯಾರಿಗೆ ಬೇಕಾದರೂ ಉಯಿಲು ಬರೆಯಬಹುದು. ಅಲ್ಲಿ ಮಗಳಿಗೂ ಮಗನಿಗೂ ಹುಟ್ಟಿನ ಹಕ್ಕಿಲ್ಲ. ಉಯಿಲಿಲ್ಲದಿದ್ದರೆ ಮಾತ್ರ ತಾಯಿ ಮತ್ತು ಮಕ್ಕಳೆಲ್ಲರಿಗೂ ಸಮಪಾಲು. ತಂದೆ ಬದುಕಿರುವಾಗಲೇ ಇಂಥ ಸ್ವಯಾರ್ಜಿತ ಆಸ್ತಿಯ ಬಗ್ಗೆ ಮಗಳಿಂದ ಬರೆಸಿಕೊಂಡ ಬಿಡುಗಡೆಗೆ ಸಾಮಾನ್ಯವಾಗಿ ಬೆಲೆಯಿಲ್ಲ. ಮುಂದೆ ಬರಬಹುದಾದ ವಾರಸಿನ ಆಸೆಯನ್ನು ವರ್ಗಾಯಿಸಲಾಗದು ಎಂದು 1882ರ ಆಸ್ತಿ ವರ್ಗಾವಣೆ ಕಾಯಿದೆ ಹೇಳುತ್ತದೆ. ಹಣ ಪಡೆದು ಬರೆದುಕೊಟ್ಟಿದ್ದರೆ ವಿಷಯ ಬೇರೆಯಾಗಬಹುದು.

ಸಹಿ ಹಾಕಿಯೇ ಆಗಿದೆ ಎನ್ನುವವರು? ಒತ್ತಡದಿಂದಲೋ ಮೋಸದಿಂದಲೋ ಪಡೆದ ಪತ್ರವನ್ನು ರದ್ದುಪಡಿಸುವಂತೆ ದಾವೆ ಹೂಡಬಹುದು. ಅದಕ್ಕೆ ಅವಧಿ, ಸಂಗತಿ ತಿಳಿದ ದಿನದಿಂದ ಮೂರು ವರ್ಷ. ಸಹಿಯನ್ನೇ ಹಾಕದೆ ಅವಿಭಕ್ತ ಕುಟುಂಬದ ಆಸ್ತಿಯಿಂದ ಹೊರಗಿಡಲ್ಪಟ್ಟವರಿಗೆ, ಹಾಗೆ ಹೊರಗಿಟ್ಟದ್ದು ತಿಳಿದಂದಿನಿಂದ ಹನ್ನೆರಡು ವರ್ಷ. ಒತ್ತಡವಿತ್ತೆಂದು ರುಜುವಾತು ಮಾಡುವುದು ಸುಲಭವಲ್ಲ ಎಂಬುದನ್ನು ಮರೆಮಾಚಬೇಕಾಗಿಲ್ಲ. ಓದುಬಲ್ಲ ಮಹಿಳೆ ಉಪನೋಂದಣಾಧಿಕಾರಿಯ ಮುಂದೆ ನಿಂತು ಒಪ್ಪಿ ಹಾಕಿದ ಸಹಿಯನ್ನು ಅಳಿಸಲು ವರ್ಷಗಳೇ ಬೇಕಾಗುತ್ತವೆ.

ನ್ಯಾಯಾಲಯಕ್ಕೆ ಹೋಗುವ ಮುನ್ನ ಲೋಕ ಅದಾಲತ್ತಿನ, ಮಧ್ಯಸ್ಥಿಕೆಯ ದಾರಿಗಳಿವೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರಿಗೆ, ಅವರ ಆದಾಯವೆಷ್ಟೇ ಇರಲಿ, ಉಚಿತ ವಕೀಲರ ನೆರವು ಪಡೆಯುವ ಹಕ್ಕಿದೆ. ಜಿಲ್ಲಾ ನ್ಯಾಯಾಲಯದ ಆವರಣದ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿಯೂ ತಾಲ್ಲೂಕು ಸಮಿತಿಗಳಲ್ಲಿಯೂ ಅರ್ಜಿ ಕೊಡಬಹುದು. ದೂರವಾಣಿಯಲ್ಲಿ 15100 ಸಂಖ್ಯೆಗೆ ಕರೆ ಮಾಡಿಯೂ ಸಲಹೆ ಪಡೆಯಬಹುದು. ಹೋಗುವಾಗ ಪಹಣಿ, ವಂಶವೃಕ್ಷ, ತಂದೆಯ ಮರಣ ಪ್ರಮಾಣಪತ್ರ ಮತ್ತು ಸಹಿ ಹಾಕಲು ಕೊಟ್ಟ ಕಾಗದದ ಒಂದು ಪ್ರತಿ ಜೊತೆಯಲ್ಲಿರಲಿ. ಪ್ರತಿ ಕೊಡಲು ಮನೆಯವರು ಒಪ್ಪದಿದ್ದರೆ, ಪತ್ರ ನೋಂದಣಿಯಾಗಿದ್ದಲ್ಲಿ ಅದರ ದೃಢೀಕೃತ ನಕಲು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಶುಲ್ಕ ಕಟ್ಟಿದರೆ ಸಿಗುತ್ತದೆ.